ಪಾಕೆಟ್ ಮನಿ ಇಬ್ಬರಿಗೂ ಸಮ: ನಮ್ಮನೆಯಲ್ಲಿ ನಡೆದಿದ್ದು ಹೀಗೆ

"ಗಂಡ ಹೆಂಡ್ತಿ ಮಧ್ಯೆ ಎಂಥ ಲೆಕ್ಕ? ಸಂಸಾರ ಏನು ದಿನಸಿ ಅಂಗಡಿನಾ?" ಅಂತ ಅತ್ತೆ ಕೇಳಿದ್ದರು, ನಾನೂ ನನ್ನ ಗಂಡನೂ ದುಡ್ಡು, ಮನೆಕೆಲಸ ಎರಡನ್ನೂ ಸಮನಾಗಿ ಹಂಚಿಕೊಳ್ಳಲು ಹೊರಟಾಗ. ಆಫೀಸಿನ ಗೆಳತಿಯರು ಮೂರು ತಿಂಗಳು ನಡೆದರೆ ಹೆಚ್ಚು ಅಂದರು. ಎರಡು ವರ್ಷದ ಮೇಲಾಯಿತು, ನಡೆಯುತ್ತಿದೆ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ದುಡ್ಡು. ಇವರ ಸಂಬಳ ಹತ್ತಿರ ಹತ್ತಿರ 80,000, ನನ್ನದು 40,000. ಬಾಡಿಗೆ, ದಿನಸಿ, ಹಾಲು, ಕರೆಂಟು, ಮಗಳ ವ್ಯಾನು ಎಲ್ಲ ಸೇರಿ ತಿಂಗಳಿಗೆ 45,000 ಅಂದುಕೊಳ್ಳಿ. ಶುರುವಿನಲ್ಲಿ ಅರ್ಧ ಅರ್ಧ ಹಾಕಿದೆವು. ನನ್ನ ಕೈಯಲ್ಲಿ ಉಳಿದದ್ದು 17,000 ಚಿಲ್ಲರೆ, ಅವರ ಕೈಯಲ್ಲಿ 57,000. ಒಂದು ಸೀರೆಗೆ ನಾನು ಹತ್ತು ಸಲ ಯೋಚಿಸಬೇಕು, ಇವರು ಸುಮ್ನೆ ಹೆಡ್‌ಫೋನ್ ತರುತ್ತಾರೆ. ಆಮೇಲೆ ಸಂಬಳಕ್ಕೆ ತಕ್ಕಂತೆ ಅವರು 30,000, ನಾನು 15,000. ಸ್ವಲ್ಪ ವಾಸಿ. ಆದರೂ ಅವರ ಹತ್ತಿರ ಉಳಿಯೋದು ನನ್ನ ಡಬಲ್ ಅಲ್ವಾ, ಮುನಿಸು ಹೋಗಲಿಲ್ಲ.

ಕೊನೆಗೆ ಎರಡೂ ಸಂಬಳ ಒಂದೇ ಜಾಯಿಂಟ್ ಅಕೌಂಟಿಗೆ ಹಾಕಿದೆವು. ಖರ್ಚು, ಆರ್‌ಡಿ (ಬ್ಯಾಂಕಿನಲ್ಲಿ ತಿಂಗಳು ತಿಂಗಳು ಕಟ್ಟೋ ಉಳಿತಾಯ), ಎಸ್‌ಐಪಿ (ಮ್ಯೂಚುವಲ್ ಫಂಡಿನ ತಿಂಗಳ ಕಂತು) ತೆಗೆದಿಟ್ಟು ತಲಾ 8,000 ಪಾಕೆಟ್ ಮನಿ. ಅದಕ್ಕೆ ಯಾರೂ ಲೆಕ್ಕ ಕೇಳುವ ಹಾಗಿಲ್ಲ. ಇವರನ್ನು ಹೇಗೆ ಒಪ್ಪಿಸಿದೆ ಅನ್ನೋದು ಮಾತ್ರ ನನ್ನ ಗುಟ್ಟು.

ಮನೆಕೆಲಸ ಇದಕ್ಕಿಂತ ಕಷ್ಟ. ಫ್ರಿಜ್ ಮೇಲೆ ಪಾಯಿಂಟ್ ಚಾರ್ಟ್ ಅಂಟಿಸಿದೆ. ಪಾತ್ರೆ ತೊಳೆದರೆ 2 ಪಾಯಿಂಟ್, ಬಾತ್‌ರೂಮ್ ತೊಳೆದರೆ 5. ಪಾಯಿಂಟಿನ ಆಸೆಗೆ ಬಾತ್‌ರೂಮ್ ಎರಡು ದಿನಕ್ಕೊಮ್ಮೆ ಫಳಫಳ, ದೋಸೆ ಹಿಟ್ಟು ರುಬ್ಬೋರೇ ಇಲ್ಲ! ಹರಿದು ಬಿಸಾಕಿದೆವು. ಆಮೇಲೆ 38,000ದ ಹತ್ತಿರ ಕೊಟ್ಟು ಡಿಶ್‌ವಾಷರ್ ತಂದೆವು. ಅದರೊಳಗೆ ಪಾತ್ರೆ ಜೋಡಿಸೋದು ಯಾರು ಅಂತ ಹೊಸ ಜಗಳ.

ಮಧ್ಯೆ ಒಂದು ತಮಾಷೆ. 1979ರಲ್ಲಿ ರಾಸ್ ಮತ್ತು ಸಿಕೋಲಿ ಅನ್ನುವ ಸಂಶೋಧಕರು ಗಂಡ ಹೆಂಡಿರನ್ನು ಬೇರೆ ಬೇರೆಯಾಗಿ "ಮನೆಕೆಲಸದಲ್ಲಿ ನಿಮ್ಮ ಪಾಲೆಷ್ಟು" ಅಂತ ಕೇಳಿದ್ದರು. ಹೆಚ್ಚಿನ ಜೋಡಿಗಳಲ್ಲಿ ಎರಡು ಉತ್ತರ ಕೂಡಿದರೆ ನೂರು ದಾಟುತ್ತಿತ್ತು. ನಾವೂ ಚೀಟಿಯಲ್ಲಿ ಬರೆದೆವು. ನಾನು 80, ಇವರು 50.

ಈಗ ಕೆಲಸ ಪೂರ್ತಿ ಒಬ್ಬರದ್ದೇ. ಗ್ಯಾಸ್ ಇವರದ್ದು ಅಂದರೆ ಬುಕ್ ಮಾಡೋದು, ಸಿಲಿಂಡರ್ ತಗೊಳ್ಳೋದು, ಯಾವಾಗ ಮುಗಿಯುತ್ತೆ ಅಂತ ಲಕ್ಷ್ಯ ಇಡೋದು, ಎಲ್ಲ ಇವರದ್ದೇ. ನಾನು ನೆನಪಿಸಲ್ಲ. ಒಂದು ಸಲ ಖಾಲಿಯಾಗಿ ಎರಡು ದಿನ ಹೋಟೆಲ್ ಊಟ, 1,500ದಷ್ಟು ಹೋಯಿತು. ತುಟಿ ಬಿಚ್ಚಲಿಲ್ಲ ನಾನು. ಆಮೇಲೆ ಆ ತಾಪತ್ರಯ ಬಂದಿಲ್ಲ. ದುಡ್ಡಿಗಿಂತ ತಲೆಗೆ ಸಿಕ್ಕ ಬಿಡುವೇ ದೊಡ್ಡದು.

ಕೇಂದ್ರದ 2024ರ ಸಮಯ ಬಳಕೆ ಸಮೀಕ್ಷೆ ಪ್ರಕಾರ ಮನೆಕೆಲಸ ಮಾಡುವವರಲ್ಲಿ ಹೆಂಗಸರು ದಿನಕ್ಕೆ 289 ನಿಮಿಷ, ಗಂಡಸರು 88. ನಮ್ಮನೆಯಲ್ಲಿ ನಾನು ಎರಡೂವರೆ ಗಂಟೆ, ಇವರು ಎರಡು ಗಂಟೆ ಇರಬಹುದು. ಸ್ವಲ್ಪ ಜಂಭ ಪಡ್ತೀನಿ, ಬಿಡಿ.

ಹೋದ ತಿಂಗಳಿಂದ ಬೆಳಗಿನ ತಿಂಡಿಯೂ ಇವರಿಗೆ ಹೋಗಿದೆ. ಉಪ್ಪಿಟ್ಟು, ಅವಲಕ್ಕಿ ಬಿಟ್ಟು ಬೇರೇನೂ ಬರಲ್ಲ. ಮಗಳು ಗೊಣಗಿದರೆ "ಅಪ್ಪನಿಗೇ ಹೇಳು" ಅಂತೀನಿ.