ಕೆಲಸದ ಸಾಮಾನಿಗೆ ವ್ಯಾನೋ, ಟ್ರೇಲರೋ?

ದಿನಕ್ಕೆ ಮೂರು-ನಾಲ್ಕು ಮನೆ ಸುತ್ತುವ ಪ್ಲಂಬರ್, ಎಲೆಕ್ಟ್ರಿಷಿಯನ್‌ಗಳಿಗೆ ವ್ಯಾನೇ ಸರಿ. ಬಾಗಿಲು ತೆಗೆದರೆ ಬೇಕಾದ ಫಿಟ್ಟಿಂಗ್ ಕೈಗೆ ಸಿಗಬೇಕು, ಇಕ್ಕಟ್ಟಿನ ರಸ್ತೆಯಲ್ಲೂ ಗಾಡಿ ನಿಲ್ಲಬೇಕು. ಒಂದೇ ಸೈಟಿನಲ್ಲಿ ವಾರಗಟ್ಟಲೆ ಕೆಲಸವಿರುವ ಗಾರೆಯವರಿಗೆ, ಬಡಗಿಗಳಿಗೆ ಟ್ರೇಲರ್ ಅನುಕೂಲ. ಅದನ್ನು ಅಲ್ಲೇ ಬಿಟ್ಟು ಗಾಡಿಯನ್ನು ಬೇರೆ ಓಡಾಟಕ್ಕೆ ಬಳಸಬಹುದು. ಆದರೂ ಇಷ್ಟರಿಂದಲೇ ತೀರ್ಮಾನಿಸಬೇಡಿ, ಮೊದಲು ತೂಕದ ಲೆಕ್ಕ ಹಾಕಿ.

ವ್ಯಾನಿನ ಗರಿಷ್ಠ ಒಟ್ಟು ತೂಕ 2800 ಕೆಜಿ, ಖಾಲಿ ಗಾಡಿ 1900 ಕೆಜಿ ಎಂದಿಟ್ಟುಕೊಳ್ಳಿ. ಉಳಿದ 900ರಲ್ಲಿ ಇಬ್ಬರು ಮನುಷ್ಯರಿಗೆ 150, ಒಳಗಿನ ರ‍್ಯಾಕ್, ಡ್ರಾಯರ್‌ಗಳಿಗೆ 120 ಕಳೆದರೆ ಸಾಮಾನಿಗೆ ಸಿಗುವುದು 630 ಕೆಜಿ. ರ‍್ಯಾಕಿನ ತೂಕ ಮರೆಯುವವರೇ ಹೆಚ್ಚು. 50 ಕೆಜಿಯ ಹನ್ನೆರಡು ಸಿಮೆಂಟ್ ಚೀಲ ಹೇರಿದಿರೋ, ಒಳಗೆ ಎಷ್ಟೇ ಜಾಗ ಕಂಡರೂ ಬಾಕಿ ಉಳಿಯುವುದು 30 ಕೆಜಿ ಮಾತ್ರ. ಮಿತಿ ಮೀರಿದರೆ ಟೈರ್ ಬಿಸಿಯಾಗುತ್ತದೆ, ಬ್ರೇಕ್ ಹಿಡಿದಾಗ ಗಾಡಿ ತಡವಾಗಿ ನಿಲ್ಲುತ್ತದೆ. ಭಾರದ ಸಾಮಾನು ಎರಡು ಆಕ್ಸಲ್‌ಗಳ (ಚಕ್ರದ ಅಚ್ಚುಗಳ) ನಡುವೆ, ನೆಲಕ್ಕೆ ತಾಗಿಯೇ ಇರಲಿ. ಸೀಟಿನ ಹಿಂದೆ ಗಟ್ಟಿ ಅಡ್ಡಗೋಡೆ ಬೇಕೇ ಬೇಕು.

ಟ್ರೇಲರಿನಲ್ಲಿ ಅಪಾಯ ಬರುವುದು ಹೆಚ್ಚಾಗಿ ಭಾರ ಹಂಚುವ ರೀತಿಯಿಂದ. ಸುಮಾರು ಶೇ. 60 ಭಾರ ಆಕ್ಸಲ್‌ಗಿಂತ ಮುಂದಿರಲಿ. ಟ್ರೇಲರಿನ ಮುಂತುದಿಯ ಕೊಂಡಿ, ಅಂದರೆ ಕಪ್ಲರ್, ಗಾಡಿಯ ಹಿಂದಿನ ಕೊಕ್ಕೆಯಾದ ಹಿಚ್‌ನ ಮೇಲೆ ಒತ್ತುವ ತೂಕ ಎಷ್ಟಿರಬೇಕೆಂದು ಗಾಡಿ, ಟ್ರೇಲರ್‌ಗಳ ಕೈಪಿಡಿ ಹೇಳುತ್ತದೆ. ಕೆಲವು ದೇಶಗಳಲ್ಲಿ ಟ್ರೇಲರಿನ ಒಟ್ಟು ತೂಕದ ಶೇ. 10-15 ಎನ್ನುತ್ತಾರೆ, ಇನ್ನು ಕೆಲವೆಡೆ ಅದಕ್ಕಿಂತ ಕಡಿಮೆ. 1200 ಕೆಜಿ ಟ್ರೇಲರಿಗೆ ಶೇ. 10 ಎಂದರೆ 120 ಕೆಜಿ. ಇದು ಎಳೆಯುವ ಗಾಡಿಯ ಲೋಡಿನಲ್ಲೇ ಸೇರುತ್ತದೆ. ಅಳೆಯುವುದು ಸುಲಭ. ಸಮತಟ್ಟು ನೆಲದಲ್ಲಿ ಚಕ್ರಕ್ಕೆ ಕಟ್ಟೆ ಕೊಟ್ಟು, ಮನುಷ್ಯರು ತೂಕ ನೋಡಿಕೊಳ್ಳುವ ಯಂತ್ರದ ಮೇಲೆ ಮರದ ತುಂಡು ನಿಲ್ಲಿಸಿ, ಹಿಚ್‌ನ ಎತ್ತರಕ್ಕೇ ಸರಿಯಾಗಿ ಕಪ್ಲರನ್ನು ಅದರ ಮೇಲೆ ಇಳಿಸಿ. ಯಂತ್ರದ ಮಿತಿಯನ್ನು ಮಾತ್ರ ಮೊದಲೇ ನೋಡಿಕೊಳ್ಳಿ.

ಹಿಂದೆ ಭಾರ ಹೆಚ್ಚಾದರೆ ವೇಗದಲ್ಲಿ ಟ್ರೇಲರ್ ಎಡಬಲ ತೂಗಾಡುತ್ತದೆ. ಆಗ ಜೋರಾಗಿ ಬ್ರೇಕ್ ಒತ್ತಬೇಡಿ, ಸ್ಟಿಯರಿಂಗ್ ತಿರುಗಿಸಬೇಡಿ. ನೇರ ಹಿಡಿದು ಆಕ್ಸಿಲರೇಟರ್‌ನಿಂದ ಕಾಲು ತೆಗೆಯಿರಿ. ವೇಗ ಇಳಿದಂತೆ ತೂಗಾಟವೂ ಇಳಿಯುತ್ತದೆ. ಸರಿಯಾದ ಕಡೆ ನಿಲ್ಲಿಸಿ ಸಾಮಾನು ಮುಂದಕ್ಕೆ ಸರಿಸಿ.

ಖರೀದಿಗೆ ಮುನ್ನ ನಿಮ್ಮ ಲೈಸೆನ್ಸ್, ವಿಮೆ ಟ್ರೇಲರ್ ಎಳೆಯಲು ಒಪ್ಪುತ್ತವೆಯೇ ಕೇಳಿ. ಹಿಚ್ ಲಾಕ್ ಮತ್ತು ಚಕ್ರದ ಲಾಕ್ ಎರಡನ್ನೂ ಕೊಳ್ಳಿ. ಸೈಟಿನಲ್ಲಿ ಬಿಟ್ಟ ಟ್ರೇಲರನ್ನು ಸಾಮಾನಿನ ಸಮೇತ ಎಳೆದೊಯ್ಯುವುದು ಕಳ್ಳರಿಗೆ ಕಷ್ಟವೇನಲ್ಲ.

ತಿಂಗಳಿಗೊಮ್ಮೆ ಮಾತ್ರ ಭಾರದ ಸಾಗಾಟವಿದ್ದರೆ ಸಣ್ಣ ವ್ಯಾನ್ ಇಟ್ಟುಕೊಂಡು ಟ್ರೇಲರನ್ನು ಬಾಡಿಗೆಗೆ ತರುವುದೇ ಜಾಣತನ. ಹೊರಡುವ ಮುನ್ನ ಇಂಡಿಕೇಟರ್, ಬ್ರೇಕ್ ಲೈಟ್, ಸುರಕ್ಷತಾ ಸರಪಳಿ, ಟೈರಿನ ಗಾಳಿ ನೋಡಿ. ಹತ್ತಾರು ಕಿಲೋಮೀಟರ್ ಓಡಿಸಿ ನಿಲ್ಲಿಸಿ, ಚಕ್ರದ ಹಬ್‌ಗೆ (ನಡುಭಾಗಕ್ಕೆ) ಅಂಗೈ ಹತ್ತಿರ ತನ್ನಿ. ಒಂದು ಹಬ್ ಇನ್ನೊಂದಕ್ಕಿಂತ ಬಹಳ ಬಿಸಿಯಿದ್ದರೆ ಬೇರಿಂಗಿನ ಗ್ರೀಸ್ ಮುಗಿದಿರಬಹುದು ಅಥವಾ ಬ್ರೇಕ್ ಹಿಡಿದುಕೊಂಡಿರಬಹುದು. ಅಂಥ ಟ್ರೇಲರನ್ನು ಮುಂದಕ್ಕೆ ಎಳೆಯಬೇಡಿ.