ಕ್ಯಾಂಪರ್ ವ್ಯಾನ್ ಘಟ್ಟ ಹತ್ತುವ ಮುನ್ನ

ಮನೆಮಂದಿಯನ್ನೆಲ್ಲ ಕೂರಿಸಿಕೊಂಡು ಕ್ಯಾಂಪರ್ ವ್ಯಾನಿನಲ್ಲಿ ಹತ್ತು ದಿನ ಸುತ್ತಲು ಹೊರಡುವವರು ಮೊದಲು ಬಿಡಿಸುವುದು ನಕ್ಷೆಯನ್ನು. ಅದಕ್ಕೆ ಆಮೇಲೂ ಸಮಯವಿದೆ. ಮೊದಲು ಕೂತು ಮಾಡಬೇಕಾದ್ದು ಮೂರು ಲೆಕ್ಕ: ತೂಕ, ನೀರು, ಕರೆಂಟು. ಕಾರವಾರ, ಅಂಕೋಲಾ, ಕುಮಟಾ ಕಡೆಯಿಂದ ಮೂಡಣಕ್ಕೆ ಹೊರಟರೆ ಒಂದೆರಡು ತಾಸಿನೊಳಗೆ ಅರಬೈಲ್ ಘಟ್ಟವೋ ದೇವಿಮನೆ ಘಟ್ಟವೋ ಎದುರಾಗುತ್ತದೆ. ಲೆಕ್ಕ ತಪ್ಪಿದ್ದರೆ ಗೊತ್ತಾಗುವುದು ಅಲ್ಲೇ.

ತೂಕದಿಂದ ಶುರು

ಆರ್‌ಸಿಯಲ್ಲಿ ಖಾಲಿ ತೂಕ, ಒಟ್ಟು ತೂಕ ಎಂದು ಎರಡು ಅಂಕಿ ಇರುತ್ತವೆ. ಅವುಗಳ ನಡುವಿನ ವ್ಯತ್ಯಾಸದಷ್ಟೇ ಹೇರಬಹುದು. ಐದು ಮಂದಿ ಎಂದರೆ ಸುಮಾರು 300 ಕೆ.ಜಿ. 80 ಲೀಟರ್ ನೀರು 80 ಕೆ.ಜಿ. 100 ಎಎಚ್‌ನ (ಎಷ್ಟು ಆಂಪಿಯರ್ ಎಷ್ಟು ತಾಸು ಎಂಬ ಗುಣಾಕಾರ, ಬ್ಯಾಟರಿಯ ಅಳತೆ) ಲೆಡ್ ಆಸಿಡ್ ಬ್ಯಾಟರಿ ಒಂದಕ್ಕೆ 30 ಕೆ.ಜಿ. ಆಸುಪಾಸು. ಹಾಸಿಗೆ, ಪಾತ್ರೆ, ದಿನಸಿ ಸೇರಿದರೆ ಅರ್ಧ ಟನ್ ದಾಟಿಯೇ ಬಿಡುತ್ತದೆ. ಅಂದಾಜು ನಂಬಬೇಡಿ. ಎಲ್ಲ ತುಂಬಿ, ಜನರನ್ನೂ ಕೂರಿಸಿ ಹತ್ತಿರದ ವೇ ಬ್ರಿಜ್‌ಗೆ ಒಯ್ಯಿರಿ. ಮೊದಲು ಇಡೀ ಗಾಡಿ ತೂಗಿಸಿ, ಆಮೇಲೆ ಹಿಂದಿನ ಗಾಲಿಗಳನ್ನಷ್ಟೇ ನಿಲ್ಲಿಸಿ ಇನ್ನೊಮ್ಮೆ. ಒಟ್ಟು ಸರಿಯಿದ್ದೂ ಹಿಂದಿನ ಆಕ್ಸಲ್ ಮೇಲೆ ಅತಿಭಾರ ಬಿದ್ದಿರುವುದು ತೀರಾ ಸಾಮಾನ್ಯ. ಹಾಗಾದಾಗ ಮುಂದಿನ ಗಾಲಿ ಹಗುರಾಗಿ, ತಿರುವಿನಲ್ಲಿ ಸ್ಟೀರಿಂಗ್ ತೇಲಿದಂತಾಗುತ್ತದೆ. ಅಕ್ಕಿ ಡಬ್ಬಿ, ಸ್ಪ್ಯಾನರ್ ಪೆಟ್ಟಿಗೆಯಂಥ ಭಾರದ ಸಾಮಾನು ಎರಡು ಆಕ್ಸಲ್‌ಗಳ ನಡುವೆ, ನೆಲಕ್ಕೆ ತಾಗಿ ಇರಲಿ. ಮೇಲಿನ ಕಪಾಟಿಗೆ ಹೊದಿಕೆ, ಅವಲಕ್ಕಿ ಸಾಕು. ಅಪ್ಪೆಮಿಡಿ ಉಪ್ಪಿನಕಾಯಿಯನ್ನು ಭರಣಿಯಲ್ಲಿ ಒಯ್ಯುವ ಆಸೆ ಬಿಡಿ. ರಸ ಹಾಸಿಗೆಗೆ ಇಳಿದರೆ ಹತ್ತು ದಿನವೂ ಅದರ ಮೇಲೇ ಮಲಗಬೇಕು.

ಟೈರಿನ ಪಟ್ಟಿ ಸವೆದಿಲ್ಲ ಎಂದ ಮಾತ್ರಕ್ಕೆ ಟೈರು ಹೊಸದಲ್ಲ. ಕ್ಯಾಂಪರ್‌ಗಳು ತಿಂಗಳುಗಟ್ಟಲೆ ನಿಂತಲ್ಲೇ ನಿಲ್ಲುತ್ತವೆ, ಬಿಸಿಲಿಗೆ ಪಕ್ಕದ ರಬ್ಬರು ಬಿರಿಯುತ್ತದೆ. ಪಕ್ಕದಲ್ಲಿ ಅಚ್ಚಾದ ನಾಲ್ಕಂಕಿ ನೋಡಿ: 3219 ಎಂದರೆ 2019ರ 32ನೇ ವಾರ ತಯಾರಾದದ್ದು. ಆರು ವರ್ಷ ದಾಟಿದ್ದರೆ ಬದಲಿಸುವುದೇ ಒಳ್ಳೆಯದು, ಸ್ಟೆಪ್ನಿಯೂ ಸೇರಿ. ಗಾಳಿಯನ್ನು ಬೆಳಿಗ್ಗೆ ಗಾಡಿ ಓಡಿಸುವ ಮೊದಲೇ ನೋಡಬೇಕು. ಓಡಿ ಬಿಸಿಯಾದ ಟೈರಿನಲ್ಲಿ ಒತ್ತಡ ಹೆಚ್ಚೇ ತೋರಿಸುತ್ತದೆ. ತುಂಬಿದ ಗಾಡಿಯನ್ನು ಎತ್ತುವ ತಾಕತ್ತು ಜಾಕ್‌ಗೆ ಇದೆಯೇ ಎಂದು ಅಂಗಳದಲ್ಲೇ ಒಮ್ಮೆ ಎತ್ತಿ ನೋಡಿ.

ನೀರು, ಗ್ಯಾಸು

ಐದು ಮಂದಿಗೆ ಕುಡಿಯಲು ದಿನಕ್ಕೆ 15 ಲೀಟರ್, ಅಡುಗೆ ಮತ್ತು ಪಾತ್ರೆಗೆ 15, ಕೈಕಾಲು ಮುಖಕ್ಕೆ 15, ಟಾಯ್ಲೆಟ್ಟಿಗೆ 10. ಸ್ನಾನ ಸೇರಿಸದೆಯೇ 55 ಲೀಟರ್ ಆಯಿತು. 80 ಲೀಟರಿನ ಟ್ಯಾಂಕು ಒಂದೂವರೆ ದಿನಕ್ಕೆ ಮುಗಿಯುತ್ತದೆ. ಸ್ನಾನವನ್ನು ಲಾಡ್ಜಿಗೋ ನೆಂಟರ ಮನೆಯ ಬಚ್ಚಲಿಗೋ ಬಿಡಿ.

ನಿಂತಿದ್ದ ಟ್ಯಾಂಕನ್ನು ಹೊರಡುವ ಎರಡು ದಿನ ಮೊದಲು ತೊಳೆಯಬೇಕು. 100 ಲೀಟರ್ ನೀರಿಗೆ 20 ಗ್ರಾಂ ಬ್ಲೀಚಿಂಗ್ ಪೌಡರ್ ಲೆಕ್ಕ. ಅದನ್ನು ನೇರ ಟ್ಯಾಂಕಿಗೆ ಸುರಿಯಬಾರದು. ಬಕೆಟ್ಟಿನಲ್ಲಿ ಕದಡಿ, ಅರ್ಧ ತಾಸು ಬಿಟ್ಟು, ಮೇಲಿನ ತಿಳಿಯನ್ನಷ್ಟೇ ಬಗ್ಗಿಸಿ. ತಳದ ಸುಣ್ಣದಂಥ ಗಸಿ ಒಳಗೆ ಹೋದರೆ ಪಂಪಿನ ಜಾಲರಿ ಕಟ್ಟಿಕೊಳ್ಳುತ್ತದೆ, ಪಂಪು ಬರಿದೇ ಗುಂಯ್‌ಗುಡುತ್ತದೆ. ಟ್ಯಾಂಕು ಪೂರ್ತಿ ತುಂಬಿಸಿ, ನಲ್ಲಿಗಳಲ್ಲಿ ಕ್ಲೋರಿನ್ ವಾಸನೆ ಬರುವ ತನಕ ನೀರು ಬಿಟ್ಟು ನಿಲ್ಲಿಸಿ. ನಾಲ್ಕು ತಾಸಿನ ನಂತರ ಖಾಲಿ ಮಾಡಿ ಎರಡು ಬಾರಿ ಗಲಬರಿಸಿ.

ಗ್ಯಾಸಿಗೆ 5 ಕೆ.ಜಿ. ಸಿಲಿಂಡರ್ ಸಾಕು, ಕುಚ್ಚಲಕ್ಕಿ ಬೇಯಿಸುವ ಹಟವಿಲ್ಲದಿದ್ದರೆ. ಗಂಜಿ ಬೇಕೇ ಬೇಕೆಂದರೆ ರಾತ್ರಿಯೇ ಅಕ್ಕಿ ನೆನೆಸಿ ಕುಕ್ಕರಿನಲ್ಲಿಡಿ. ಸಿಲಿಂಡರನ್ನು ನೆಟ್ಟಗೆ ನಿಲ್ಲಿಸಿ ಬೆಲ್ಟಿನಿಂದ ಬಿಗಿಯಬೇಕು. ಮಲಗಿಸಿದರೆ ದ್ರವವೇ ರೆಗ್ಯುಲೇಟರಿಗೆ ನುಗ್ಗುತ್ತದೆ. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ನೆಲದಲ್ಲೇ ಹರಡಿ ನಿಲ್ಲುತ್ತದೆ. ಹಾಗಾಗಿ ಸಿಲಿಂಡರ್ ಗೂಡಿನ ತಳದಲ್ಲಿ ಹೊರಕ್ಕೆ ತೂತು ಇರಲೇಬೇಕು, ಗ್ಯಾಸ್ ಅಲಾರಂ ಕೂಡ ಮಂಚದ ಮಟ್ಟಕ್ಕಿಂತ ಕೆಳಗಿರಬೇಕು. ಜೋಡಣೆಗಳಿಗೆ ಸಾಬೂನು ನೊರೆ ಹಚ್ಚಿ ಗುಳ್ಳೆ ಏಳುತ್ತದೆಯೇ ನೋಡಿ. ಗಾಡಿ ಓಡುವಾಗ ಸಿಲಿಂಡರ್ ಬಂದ್.

ಕರೆಂಟಿನ ಲೆಕ್ಕ

ಹೆಚ್ಚಿನವರು ಎಡವುವುದು ಇಲ್ಲಿ. 12 ವೋಲ್ಟಿನ ಸಣ್ಣ ಫ್ರಿಜ್ ಓಡುವಾಗ ಮೂರೂವರೆ ಆಂಪಿಯರ್ ಎಳೆಯುತ್ತದೆ. ದಿನದ ಅರ್ಧ ಹೊತ್ತು ಓಡಿದರೂ ಸುಮಾರು 40 ಎಎಚ್. ನಮ್ಮ ಕರಾವಳಿಯ ಸೆಕೆಗೆ ಇನ್ನೂ ಹೆಚ್ಚು. ಎರಡು ಆಂಪಿಯರಿನ ಎರಡು ಫ್ಯಾನು ರಾತ್ರಿ ಎಂಟು ತಾಸು ತಿರುಗಿದರೆ 32. ದೀಪ, ಮೊಬೈಲು, ಪಂಪಿಗೆ 15. ಒಟ್ಟು 87. ಲೆಡ್ ಆಸಿಡ್ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗಿಳಿಸಿದರೆ ಆಯುಷ್ಯ ಬೇಗ ಮುಗಿಯುತ್ತದೆ, ಅಂದರೆ 100 ಎಎಚ್‌ನದ್ದರಲ್ಲಿ ಸಿಗುವುದು 50. ಅಂಥ ಎರಡು ಬ್ಯಾಟರಿ ಬೇಕು, ಅಥವಾ ಅಷ್ಟೇ ಅಳತೆಯ ಲಿಥಿಯಂ ಒಂದು, ಅದೂ ಹಗಲು ಸೋಲಾರ್ ತುಂಬುವಂತಿದ್ದರೆ. 200 ವ್ಯಾಟಿನ ಫಲಕ ಒಳ್ಳೆಯ ಬಿಸಿಲಿನಲ್ಲಿ ದಿನಕ್ಕೆ 50 ಎಎಚ್ ಕೊಟ್ಟೀತು. ತೋಟದ ನೆರಳಿನಲ್ಲಿ ನಿಲ್ಲಿಸಿದರೆ ಅದೂ ಇಲ್ಲ. ತೆಂಗಿನ ಮರದಡಿ ಅಂತೂ ನಿಲ್ಲಿಸಲೇಬೇಡಿ: ಒಂದು ಒಣ ಹೆಡೆ ಬಿದ್ದರೂ ಫಲಕದ ಗಾಜು ಉಳಿಯದು, ಕಾಯಿಯ ಮಾತು ಬೇರೆ.

ಎಸಿ ಬ್ಯಾಟರಿಯ ಕೆಲಸವಲ್ಲ. 1,000 ವ್ಯಾಟ್ ಎಂದರೆ 80 ಆಂಪಿಯರಿಗೂ ಹೆಚ್ಚು, ತಾಸಿನೊಳಗೆ ಎಲ್ಲ ಮುಗಿಯುತ್ತದೆ. ಎಸಿ ಬೇಕಾದರೆ ಹೊರಗಿನ ಕರೆಂಟು ಬೇಕು. ಅದಕ್ಕೆ 2.5 ಚದರ ಮಿ.ಮೀ. ವೈರು, 16 ಆಂಪಿಯರ್ ಪ್ಲಗ್, ಅರ್ತಿಂಗ್ ಇರುವ ಸಾಕೆಟ್. ವೈರಿನ ಸುರುಳಿಯನ್ನು ಪೂರ್ತಿ ಬಿಚ್ಚಿ ಹಾಸಿ; ಸುತ್ತಿದಂತೆಯೇ ಬಿಟ್ಟರೆ ಒಳಸುತ್ತು ಕಾದು ಪ್ಲಾಸ್ಟಿಕ್ ಕರಗುತ್ತದೆ. ಎಸಿಗಾಗಿ ರಾತ್ರಿ ಎಂಜಿನ್ ಓಡಿಸಿ ಮಲಗುವುದು ಬೇಡವೇ ಬೇಡ, ಹೊಗೆಯಲ್ಲಿನ ಕಾರ್ಬನ್ ಮೊನಾಕ್ಸೈಡಿಗೆ ವಾಸನೆ ಇಲ್ಲ.

ಒಂದು ರಾತ್ರಿಯ ತಾಲೀಮು

ಕಾರವಾರದವರು ಶಿರಸಿಗೆ, ಶಿರಸಿಯವರು ಗೋಕರ್ಣಕ್ಕೆ ಒಂದು ರಾತ್ರಿ ಹೋಗಿಬನ್ನಿ. ಘಟ್ಟದ ರಸ್ತೆ ತೆರೆದಿದೆಯೇ ಎಂದು ಮೊದಲು ವಿಚಾರಿಸಿ, ಮಳೆಗಾಲದಲ್ಲಂತೂ ಹೊರಡಲೇಬೇಡಿ. 2024ರ ಜುಲೈ 16ರಂದು ಅಂಕೋಲಾ ಬಳಿಯ ಶಿರೂರಿನಲ್ಲಿ ಹೆದ್ದಾರಿಯ ಮೇಲೇ ಗುಡ್ಡ ಕುಸಿದದ್ದು ಉತ್ತರ ಕನ್ನಡ ಜಿಲ್ಲೆಯಲ್ಲಿ ಯಾರಿಗೂ ಮರೆತಿಲ್ಲ. ನವೆಂಬರಿನಿಂದ ಫೆಬ್ರುವರಿ ಹಿತವಾದ ಕಾಲ.

ಘಟ್ಟ ಹತ್ತಲು ಯಾವ ಗೇರು ಬೇಕಾಯಿತೋ ಇಳಿಯಲೂ ಅದೇ ಗೇರು. ಬ್ರೇಕನ್ನು ಒತ್ತಿ ಬಿಟ್ಟು ಒತ್ತಬೇಕು, ಸದಾ ಕಾಲಿಟ್ಟುಕೊಂಡೇ ಇಳಿಯಬಾರದು. ಸುಟ್ಟ ವಾಸನೆ ಬಂತು ಅಥವಾ ಪೆಡಲ್ ಮೆತ್ತಗಾಯಿತು ಎಂದರೆ ಅಗಲವಾದ ಜಾಗ ನೋಡಿ ನಿಲ್ಲಿಸಿ, ಗಾಲಿಗೆ ಕಲ್ಲು ಕೊಟ್ಟು ಅರ್ಧ ತಾಸು ಆರಲು ಬಿಡಿ. ಕಾದ ಡಿಸ್ಕಿಗೆ ನೀರು ಎರಚಿದರೆ ಅದು ಸೊಟ್ಟಗಾಗುತ್ತದೆ, ಬಿರಿಯಲೂಬಹುದು. ಬ್ರೇಕ್ ಆಯಿಲ್ ತೇವ ಹೀರಿಕೊಳ್ಳುವ ದ್ರವ. ಎರಡು ವರ್ಷವಾಗಿದ್ದರೆ ಬದಲಿಸಿಯೇ ಹೊರಡಿ, ಪೆಡಲ್ ಮೆತ್ತಗಾಗುವುದು ಹೆಚ್ಚಾಗಿ ಅದು ಕುದಿದಾಗಲೇ.

ಮಕ್ಕಳು ಮುಂದಕ್ಕೆ ಮುಖ ಮಾಡಿದ ಸೀಟಿನಲ್ಲಿ ಬೆಲ್ಟ್ ಹಾಕಿ ಕೂರಲಿ. ಮಂಚದ ಮೇಲೆ ಅಡ್ಡ ಕೂತು ಮೊಬೈಲ್ ನೋಡಿದವರಿಗೆ ನಾಲ್ಕನೇ ತಿರುವಿಗೇ ವಾಂತಿ.

ದಿನಕ್ಕೆ 200 ರಿಂದ 250 ಕಿ.ಮೀ. ಸಾಕು. ಕತ್ತಲಾದ ಮೇಲೆ ಓಡಿಸಬೇಡಿ, ಹೆದ್ದಾರಿಯಲ್ಲಿ ದನ ಮಲಗಿರುತ್ತವೆ. ಅಣಶಿ ದಾರಿ ಹಿಡಿದರೆ ಅದು ಕಾಳಿ ಹುಲಿ ಸಂರಕ್ಷಿತ ಪ್ರದೇಶ, ರಸ್ತೆ ಬದಿ ಬಿಡಾರ ಹೂಡುವ ಯೋಚನೆ ಬೇಡ. ಬಾಡಿಗೆಯ ಹಳದಿ ಬೋರ್ಡಿನ ಗಾಡಿಯಾದರೆ ಗೋವಾದ ಪರ್ಮಿಟ್ ಇದೆಯೇ ಎಂದು ಗಡಿಯ ಮಾಜಾಳಿ ಮುಟ್ಟುವ ಮೊದಲೇ ಕೇಳಿ. ಸ್ವಂತ ಗಾಡಿಗೆ ಮಂಚ, ಅಡುಗೆಕಟ್ಟೆ ಕೂರಿಸಿದ್ದರೆ ಆ ಮಾರ್ಪಾಡು ಆರ್‌ಟಿಒ ಒಪ್ಪಿಗೆಯೊಂದಿಗೆ ಆರ್‌ಸಿಯಲ್ಲಿ ನಮೂದಾಗಿರಬೇಕು, ವಿಮೆಯವರು ಮೊದಲು ಕೇಳುವುದು ಅದನ್ನೇ. ಕಡಲತಡಿಯಲ್ಲಿ ರಾತ್ರಿ ಕಳೆದಿದ್ದರೆ ಮರುದಿನ ಗಾಡಿಯ ಅಡಿಭಾಗಕ್ಕೆ ಸಿಹಿನೀರು ಹೊಡೆಸಿ, ಬ್ಯಾಟರಿ ಟರ್ಮಿನಲ್ಲಿಗೆ ವ್ಯಾಸಲೀನ್ ಸವರಿ.

ಪ್ರತಿ ಬಾರಿ ಹೊರಡುವಾಗ ಒಬ್ಬರೇ, ಕೀ ಕಿಸೆಯಲ್ಲಿಟ್ಟುಕೊಂಡು, ಗಾಡಿಗೆ ಒಂದು ಸುತ್ತು ಬನ್ನಿ: ಮೆಟ್ಟಿಲು ಒಳಗೆ, ಚಾವಣಿಯ ಕಿಂಡಿ ಮುಚ್ಚಿದೆ, ಸಿಲಿಂಡರ್ ಬಂದ್, ಗಾಲಿಯ ಕಲ್ಲು ತೆಗೆದಾಗಿದೆ. ಕೊನೆಗೆ, ವೈರು ಇನ್ನೂ ನೆಂಟರ ಮನೆಯ ಗೋಡೆಗೇ ಸಿಕ್ಕಿಸಿಕೊಂಡಿದೆಯೇ ನೋಡಿ.