ಚಕ್ರ ತಿರುಗದ ಕಾರು, ಬೋಳಾದ ಗೇರು

ಮಗಳ ರಿಮೋಟ್ ಕಾರಿನಲ್ಲಿ ಮೋಟಾರು ಮಾತ್ರ ಕಿರುಚುತ್ತಿತ್ತು, ಚಕ್ರ ಅಲ್ಲಾಡುತ್ತಿರಲಿಲ್ಲ. ಎರಡು ವಾರ ನಾನು ಸುಮ್ಮನೆ ಬ್ಯಾಟರಿಯನ್ನು ಬೈದುಕೊಂಡೆ. ಮುಚ್ಚಳ ಬಿಚ್ಚಿದಾಗ ಕಂಡದ್ದೇ ಬೇರೆ: ಸ್ಪರ್ ಗೇರ್ ಎನ್ನುವ ದೊಡ್ಡ ಪ್ಲಾಸ್ಟಿಕ್ ಗೇರಿನಲ್ಲಿ ಐದಾರು ಹಲ್ಲುಗಳು ಕರಗಿ ಬೋಳಾಗಿದ್ದವು, ಸುತ್ತಲೂ ಬಿಳಿ ಪುಡಿ.

ಹೊಸ ಸ್ಪರ್ ಗೇರನ್ನೂ ಮೋಟಾರಿಗೆ ಹಾಕುವ ಪಿನಿಯನ್ ಎಂಬ ಪುಟ್ಟ ಗೇರನ್ನೂ ಕೊಂಡು ತಂದೆ. ಎಡವಿದ್ದು ಇಲ್ಲಿಯೇ. ಹಲ್ಲುಗಳನ್ನು ಎಣಿಸಿದ್ದೆ, ಪಿಚ್ ನೋಡಿರಲಿಲ್ಲ. ಸ್ಪರ್ 32 ಪಿಚ್, ಪಿನಿಯನ್ 48. ವ್ಯಾಸದ ಒಂದು ಇಂಚಿಗೆ ಎಷ್ಟು ಹಲ್ಲು ಎಂಬ ಲೆಕ್ಕವೇ ಪಿಚ್. 48ರ ಹಲ್ಲು ಸಣ್ಣದು, 32ರ ಜೊತೆ ಎಂದಿಗೂ ಕೂಡುವುದಿಲ್ಲ. ಮತ್ತೆ ಅಂಗಡಿಗೆ ಹೋದೆ.

ಪಿನಿಯನ್ನಿನ ಪುಟ್ಟ ಸ್ಕ್ರೂ ಮೋಟಾರ್ ದಂಡದ ಚಪ್ಪಟೆ ಭಾಗದ ಮೇಲೆಯೇ ಕೂರಬೇಕು. ಅದಕ್ಕೆ ಒಂದು ಹನಿ ನೀಲಿ ಥ್ರೆಡ್‌ಲಾಕ್, ಅಂದರೆ ಸ್ಕ್ರೂ ಸಡಿಲವಾಗದಂತೆ ಹಿಡಿಯುವ ಅಂಟು, ಹಚ್ಚಿದೆ. ಆಮೇಲೆ ಎರಡೂ ಗೇರುಗಳ ನಡುವೆ ನೋಟ್‌ಬುಕ್ ಹಾಳೆಯ ಪಟ್ಟಿಯನ್ನಿಟ್ಟು, ಮೋಟಾರನ್ನು ಒತ್ತಿ ಹಿಡಿದು ಅದನ್ನು ಕೂರಿಸುವ ಸ್ಕ್ರೂಗಳನ್ನು ಬಿಗಿದೆ. ಗೇರು ತಿರುಗಿಸಿದಾಗ ಹಾಳೆ ಹರಿಯದೆ, ನಿರಿಗೆ ಹಿಡಿದಂತೆ ಅಂಕುಡೊಂಕಾಗಿ ಹೊರಬಂತು. ಹಲ್ಲುಗಳ ನಡುವೆ ಕೂದಲೆಳೆಯಷ್ಟು ಸಡಿಲ ಉಳಿದಿರಬೇಕು. ತೀರಾ ಬಿಗಿಯಾದರೆ ಮೋಟಾರು ಬಿಸಿಯೇರುತ್ತದೆ, ಹೆಚ್ಚು ಸಡಿಲವಾದರೆ ಹಲ್ಲು ಮತ್ತೆ ಕಿತ್ತುಹೋಗುತ್ತದೆ. ಸ್ಪರ್ ಗೇರನ್ನು ಪೂರ್ತಿ ಒಂದು ಸುತ್ತು ತಿರುಗಿಸಿ, ಎಲ್ಲಿಯೂ ಹಿಡಿಯುತ್ತಿಲ್ಲವೆಂದು ಖಚಿತಪಡಿಸಿಕೊಂಡೆ.

ಅಂದಹಾಗೆ, ಹಳೆಯ ಗೇರು ಕೆಟ್ಟದ್ದು ಮೋಟಾರಿನ ಎರಡು ಸ್ಕ್ರೂಗಳು ಸಡಿಲವಾಗಿದ್ದರಿಂದ. ಅವನ್ನು ಬಿಗಿಯದೆ ಬಿಟ್ಟವನು ನಾನೇ. ಈಗ ಕಾರು ಅಂಗಳದಲ್ಲಿ ನಾಯಿಯನ್ನು ಅಟ್ಟಿಸಿಕೊಂಡು ಓಡುತ್ತಿದೆ. ನಾಯಿಗೆ ಈ ರಿಪೇರಿ ಹಿಡಿಸಿಲ್ಲ.